ಔಷಧವಲ್ಲದ ಪುಡಿಯೂ ನನ್ನ ಅಕ್ಕನ ಮೂತ್ರಪಿಂಡವೂ

ಔಷಧ ನಿಯಂತ್ರಣದ ಕುರ್ಚಿಯನ್ನು ಬೆಚ್ಚಗಿಟ್ಟಿರುವ ಮಾನ್ಯರೇ,

ನನ್ನ ಅಕ್ಕನ ಎರಡೂ ಮೂತ್ರಪಿಂಡಗಳು ಕೈಕೊಟ್ಟಿವೆ. ಅವಳು ತಿನ್ನುತ್ತಿದ್ದ ಮಂಡಿನೋವಿನ ಪುಡಿಯನ್ನು ಡಬ್ಬಿ ಸಮೇತ ತಂದುಕೊಟ್ಟು, ಪರೀಕ್ಷಿಸಿ ಎಂದು ಕೇಳಿದೆ. ಐದು ತಿಂಗಳು ಯೋಚಿಸಿ ತಾವು ಬರೆದಿರಿ: “ಸದರಿ ಉತ್ಪನ್ನವು ನೈಸರ್ಗಿಕ ಪೂರಕವಾಗಿದ್ದು, ಔಷಧವಲ್ಲವಾದ್ದರಿಂದ ಪರೀಕ್ಷೆಯ ಪ್ರಶ್ನೆ ಉದ್ಭವಿಸುವುದಿಲ್ಲ.” ತಮಗೆ ಉದ್ಭವಿಸದ ಪ್ರಶ್ನೆ ನಮ್ಮ ಮನೆಯಲ್ಲಿ ವಾರಕ್ಕೆ ಮೂರು ಸಲ ಉದ್ಭವಿಸುತ್ತದೆ, ಅಕ್ಕನನ್ನು ಡಯಾಲಿಸಿಸ್‌ಗೆ ಕರೆದೊಯ್ಯುವ ದಿನಗಳಲ್ಲಿ.

ಅಕ್ಕ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಕಾಲರ್ ಹೊಲಿಯುತ್ತಿದ್ದಳು. ನಾನು ಅದೇ ಸಾಲಿನಲ್ಲಿ ಗುಂಡಿ ಹಚ್ಚುವವಳು. ಹದಿನಾಲ್ಕು ವರ್ಷ ಪೆಡಲು ಒತ್ತಿದ ಮಂಡಿ ಸುಮ್ಮನಿರುತ್ತದೆಯೇ? ನಮ್ಮಲ್ಲೊಂದು ಪದ್ಧತಿಯಿತ್ತು. ಯಾರಾದರೊಬ್ಬಳು ನೋವಿನ ಮಾತ್ರೆಯ ಸ್ಟ್ರಿಪ್ ತರುತ್ತಿದ್ದಳು. ನೂಲಿನ ಕತ್ತರಿಯಲ್ಲೇ ಅದನ್ನು ಒಂದೊಂದಾಗಿ ತುಂಡರಿಸಿ, ಬಟ್ಟೆಯ ಜೊತೆ ಕೈಯಿಂದ ಕೈಗೆ ದಾಟಿಸುತ್ತಿದ್ದೆವು. ಸ್ಟ್ರಿಪ್‌ನ ಹಿಂದೆ ಅಚ್ಚಾದ ಹೆಸರಿನ ಅರ್ಧ ಒಬ್ಬಳಿಗೆ, ಉಳಿದರ್ಧ ಇನ್ನೊಬ್ಬಳಿಗೆ. ಅವಧಿ ಮುಗಿಯುವ ದಿನಾಂಕ ಯಾರ ಪಾಲಿಗೋ. ಬಿಳಿಯದು ತಲೆಗೆ, ಕೆಂಪು ಕಾಲಿಗೆ. ಇಷ್ಟೇ ನಮ್ಮ ವೈದ್ಯಶಾಸ್ತ್ರ. ಮೇಲ್ವಿಚಾರಕನೂ ನೋಡಿ ನಗುತ್ತಿದ್ದ: “ನುಂಗ್ರಮ್ಮ, ನುಂಗಿ. ಮಂಡಿಗೆಲ್ಲ ರಜೆ ಕೊಡೋಕೆ ನಾನೇನು ನಿಮ್ಮ ಸೋದರಮಾವನಾ?”

ಮಾತ್ರೆ ಹೊಟ್ಟೆ ಉರಿಸತೊಡಗಿದಾಗ ಅಕ್ಕ ಆ ಪುಡಿ ತಂದಳು. ಎರಡೇ ದಿನಕ್ಕೆ ಊತ ಇಳಿಯಿತು.

“ಬೇರುನಾರು ಇಷ್ಟು ಬೇಗ ಕೆಲಸ ಮಾಡುತ್ತೇನೇ?” ಎಂದೆ.

“ವಾಸಿಯಾದ್ರೂ ಕೊಂಕು ತೆಗೀತೀಯಲ್ಲೇ ಮಾರಾಯ್ತಿ. ಎಲೆಪುಡಿ ಕಣೇ, ಏನೂ ಮಾಡಲ್ಲ.”

ಏನೂ ಮಾಡದ ಪುಡಿಯ ಜೊತೆ, ಹೊಟ್ಟೆ ಉರಿದರೂ, ಕೆಲಸ ಹೆಚ್ಚಿದ ದಿನ ಕೆಂಪು ಮಾತ್ರೆಯೂ ನಡೆದೇ ಇತ್ತು. ಶೌಚಾಲಯಕ್ಕೆ ಎದ್ದರೆ ಬೈಗುಳ ಎಂದು ನೀರನ್ನೂ ಕುಡಿಯುತ್ತಿರಲಿಲ್ಲ. ಒಂದು ದಿನ ಮುಖ, ಪಾದ ಬಾತು ಆಸ್ಪತ್ರೆ ಸೇರಿದಳು. “ಏನೇನು ಔಷಧಿ ತಗೋತಿದ್ರಿ?” ಎಂದು ವೈದ್ಯೆ ಕೇಳಿದರು. ಅಕ್ಕ ಕೆಂಪು ಮಾತ್ರೆಯ ಮಾತೆತ್ತಿದಳು, ಪುಡಿಯದಲ್ಲ. ಸುಳ್ಳು ಹೇಳಲಿಲ್ಲ ಮಾನ್ಯರೇ. ಕೇಳಿದ್ದು ಔಷಧಿ, ಪುಡಿ ಔಷಧಿಯಲ್ಲವಲ್ಲ. ಮಾತ್ರೆ ನಿಲ್ಲಿಸಿದರು. ಪುಡಿ ನಿಲ್ಲಲಿಲ್ಲ. ಹನ್ನೊಂದು ದಿನ ಅದೇ ಆಸ್ಪತ್ರೆಯ ಹಾಸಿಗೆಯ ಮೇಲೆ ತಿಂದಳು. ಬಿಸಿನೀರಿನಲ್ಲಿ ಕಲೆಸಿ ಕುಡಿಸಿದವಳು ನಾನೇ. ಈ ಕೈ ಕಡಿದುಕೊಳ್ಳಲೇ?

ಹನ್ನೆರಡನೆಯ ದಿನ ಡಬ್ಬಿ ವೈದ್ಯೆಯ ಕಣ್ಣಿಗೆ ಬಿತ್ತು. “ಇಂಥವುಗಳಲ್ಲಿ ಕೆಲವಕ್ಕೆ ನೋವಿನ ಮಾತ್ರೆಯನ್ನೇ ಅರೆದು ಬೆರೆಸಿರ್ತಾರೆ. ಇದರಲ್ಲಿದೆಯೋ ಇಲ್ಲವೋ, ಪರೀಕ್ಷೆ ಮಾಡಿದ್ರೇನೇ ಗೊತ್ತಾಗೋದು. ಮೊದಲೇ ಯಾಕಮ್ಮಾ ಹೇಳಲಿಲ್ಲ?” ಎಂದರು. ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡೆ. ಆ ಪರೀಕ್ಷೆಗೆಂದೇ ತಮ್ಮ ಕಚೇರಿಯ ಮೆಟ್ಟಿಲು ಹತ್ತಿದ್ದು.

ತಮ್ಮ ಗೋಡೆಯ ಮೇಲೆ ಚೆಂದದ ಭಿತ್ತಿಪತ್ರವಿದೆ: “ಓದಿ, ಅರಿತು, ಸೇವಿಸಿ.” ಏನು ಓದೋಣ? ಡಬ್ಬಿಯ ಮೇಲೊಂದು ಹಸಿರೆಲೆ, ಅದರಡಿ ಇರುವೆಯೂ ಕನ್ನಡಕ ಹುಡುಕಬೇಕಾದ ಅಕ್ಷರ. ಕತ್ತರಿ ನಮ್ಮದು, ಒಪ್ಪುತ್ತೇವೆ. ತಿದ್ದಿಕೊಂಡೂ ಇದ್ದೇವೆ. ಈಗ ಸ್ಟ್ರಿಪ್ ಕತ್ತರಿಸುವುದಿಲ್ಲ. ನುಂಗುವುದನ್ನೆಲ್ಲ, ಪುಡಿ ಕಷಾಯವೂ ಸೇರಿ, ಹಾಳೆಯಲ್ಲಿ ಬರೆದು ವೈದ್ಯರಿಗೆ ತೋರಿಸುತ್ತೇವೆ. ಏಳನೇ ತರಗತಿ ಓದಿದ ಹೆಂಗಸರಿಗೆ ಇಷ್ಟು ಸಾಧ್ಯವಾಯಿತು. ಇಡೀ ಇಲಾಖೆಗೆ ಒಂದು ಚಮಚ ಪುಡಿ ಪರೀಕ್ಷಿಸಲು ಸಾಧ್ಯವಿಲ್ಲವೇ, ಅಥವಾ ಉತ್ತರ ಏನು ಬಂದೀತೆಂಬ ಅಂಜಿಕೆಯೇ?

ನಮಗೆ ಕನಿಕರ ಬೇಡ. ಪುಡಿಯನ್ನು ಪರೀಕ್ಷಿಸಿ. ವರದಿ ಬರುವವರೆಗೆ ಅಂಗಡಿಗಳಿಂದ ತೆಗೆಸಿ. ಒಂದೊಂದು ಮಾತ್ರೆಯ ಹಿಂದೆಯೂ ಅದರ ಹೆಸರು, ಎಚ್ಚರಿಕೆ ನಾವು ಓದುವ ಭಾಷೆಯಲ್ಲಿರಲಿ. ನನ್ನ ಪಕ್ಕದ ಯಂತ್ರದವಳೂ ಅದೇ ಪುಡಿ ತಿನ್ನುತ್ತಿದ್ದಾಳೆ. ಬೇಡವೆಂದು ಕೈಹಿಡಿದೆ. “ನಿಮ್ಮಕ್ಕಂಗೆ ಒಗ್ಗಿಲ್ಲ ಅಷ್ಟೇ. ಕೆಟ್ಟದಾಗಿದ್ರೆ ಸರ್ಕಾರ ಮಾರೋಕೆ ಬಿಡ್ತಿತ್ತಾ?” ಎಂದಳು. ಅವಳ ಡಬ್ಬಿಯಲ್ಲಿ ಇನ್ನೂ ಅರ್ಧ ಉಳಿದಿದೆ. ಅದು ಖಾಲಿಯಾಗುವ ಮೊದಲು ಅವಳಿಗೆ ಉತ್ತರ ಕೊಡಿ.

ಇಂತಿ,
ನಂಬಿ ಕೆಟ್ಟ ತಂಗಿ,
ಗುಂಡಿ ವಿಭಾಗ