ಹೆಪ್ಪಿಗೆ ಒಂದು ಚಮಚ

ಪ್ರೀತಿಯ ಅಣ್ಣನಿಗೆ,

ನಿನ್ನೆ ಫೋನಿನಲ್ಲಿ ಬರೀ ಅತ್ತುಬಿಟ್ಟೆ. ಅದಕ್ಕೇ ಇದನ್ನು ಬರೆದು ಫೋಟೊ ತೆಗೆದು ಕಳಿಸುತ್ತಿದ್ದೇನೆ. ಟಿಕೆಟ್ ಸಿಕ್ಕಿರುವುದು ಶನಿವಾರಕ್ಕೆ. ನನಗಾಗಿ ಕಾಯದೆ ಅಮ್ಮನನ್ನು ಮಣ್ಣು ಮಾಡಿದ್ದು ಸರಿಯೇ.

ಅಮ್ಮನ ಜೀವ ಹೋದ ಹೊತ್ತಿಗೆ ನಾನು ಈ ಪರದೇಶದಲ್ಲಿ, ಯಜಮಾನಿಯ ಪಾಪುವನ್ನು ಎತ್ತಿಕೊಂಡು, ಚೀಸ್ ಮಾಡುವ ಒಂದು ಮನೆ ನೋಡುತ್ತಿದ್ದೆ. ಆ ಮನೆಯ ಅಜ್ಜಿ ಹಿಂದಿನ ದಿನದ ಹಾಲಿನಿಂದ ಸೋಸಿದ ಹುಳಿ ನೀರನ್ನು ಇಂದಿನ ಹಾಲಿಗೆ ಬೆರೆಸುತ್ತಾರೆ. ಅವರ ಅತ್ತೆಯ ಕಾಲದಿಂದ ಒಂದು ದಿನವೂ ತಪ್ಪಿಲ್ಲವಂತೆ. ನಾನು ಮೆಲ್ಲಗೆ, "ನಮ್ಮಮ್ಮನೂ ಹಿಂಗೇ, ಒಂದು ಚಮಚ ಮೊಸರು ಉಳಿಸಿ ಹೆಪ್ಪು ಹಾಕ್ತಾಳೆ" ಎಂದೆ. ಯಜಮಾನಿ ಅದನ್ನು ಅವರ ಭಾಷೆಯಲ್ಲಿ ಹೇಳಿದರು. ಅಜ್ಜಿ, "ಹಂಗಾದ್ರೆ ನಿಮ್ಮಮ್ಮ ನಮ್ಮ ಕಸುಬಿನೋಳೇ ಬಿಡು, ಒಂದ್ಸಲ ಕರ್ಕೊಂಡು ಬಾ" ಎಂದರಂತೆ. ಎಲ್ಲರಿಗಿಂತ ಜೋರಾಗಿ ನಾನೇ ನಕ್ಕೆ, ಅಣ್ಣ.

ಒಂದು ಕೆಲಸ ಮಾಡು. ಅಮ್ಮನ ಮೊಸರಿನ ಪಾತ್ರೆ ಇನ್ನೂ ಅಡುಗೆಮನೆಯಲ್ಲಿದ್ದರೆ ಉಗುರುಬೆಚ್ಚಗಿನ ಹಾಲಿಗೆ ಅದರಿಂದ ಒಂದು ಚಮಚ ಹಾಕು. ನಾನು ಬರುವವರೆಗೆ ದಿನವೂ ಹಾಕು. ಮನೆ ತೊಳೆಯುವಾಗ ಚಿಕ್ಕಮ್ಮ ಚೆಲ್ಲಿಬಿಟ್ಟಿದ್ದರೆ ಅವರನ್ನು ಬೈಯಬೇಡ. ಹೋದ ವಾರವಷ್ಟೇ ಪಕ್ಕದ ಮನೆಯ ಟೈಲರ್ ಹೆಂಡತಿ ಹೆಪ್ಪಿಗೆ ಮೊಸರು ತೆಗೆದುಕೊಂಡು ಹೋದರೆಂದು ಅಮ್ಮನೇ ಫೋನಿನಲ್ಲಿ ಹೇಳಿದ್ದಳು. ಅಲ್ಲಿ ಹೋಗಿ ಒಂದು ಚಮಚ ಕೇಳು. ಕೇಳಲು ನಿನಗೆ ಸಂಕೋಚವಾದರೆ, ಶನಿವಾರದವರೆಗೆ ಪೂರ್ತಿ ಮುಗಿಸಬೇಡಿ ಎಂದಷ್ಟಾದರೂ ಹೇಳಿ ಬಾ. ಅವರ ಮನೆಯಲ್ಲಿರುವುದು ಅಮ್ಮನ ಮೊಸರೇ.

ನಿನ್ನ ತಂಗಿ