ಕ್ಲಚ್ಚಿನ ಎತ್ತರ

೧೦ ನವೆಂಬರ್ ೧೯೯೬, ಭಾನುವಾರ

ಡೈರಿಗೆ ಹಾಲು ಹಾಕಿ ಬಂದೆ. ಮಂಜು ಇನ್ನೂ ಕರಗಿರಲಿಲ್ಲ. ಇವರು ಆಗಲೇ ಎದ್ದು ಕೊಟ್ಟಿಗೆ ಪಕ್ಕದ ಶೆಡ್ಡಿನಲ್ಲಿ ಕೂತಿದ್ದರು. ಟಾರ್ಪಾಲು ಸರಿಸಿ ಕಾರು ನೋಡುತ್ತಾ.

ಇಡೀ ಸಿಂಧಘಟ್ಟಕ್ಕೆ ಇಂಥದ್ದು ಇದೊಂದೇ. ಕೆಂಪು ಬಣ್ಣ, ಎರಡೇ ಸೀಟು, ಮೇಲೆ ಚಾವಣಿಯೇ ಇಲ್ಲ. ಮೈಸೂರಿನ ಯಾವುದೋ ಬಂಗಲೆಯ ಹಿಂದೆ ತುಕ್ಕು ಹಿಡಿದು ಬಿದ್ದಿದ್ದ ಹಳೇ ಇಂಗ್ಲಿಷ್ ಸ್ಪೋರ್ಟ್ಸ್ ಕಾರು. ಮದುವೆಗೆ ಮುಂಚೆಯೇ ತಂದರಂತೆ. ಕಬ್ಬಿನ ಕೆಲಸ ಮುಗಿದ ಮೇಲೆ ಕೂತು ಕೂತು, ಒಂದೊಂದೇ ಸಾಮಾನು ಹುಡುಕಿ ಹಾಕಿ, ಜೀವ ಕೊಟ್ಟರು. ಮದುವೆಯಾದ ಹೊಸದರಲ್ಲಿ ನನ್ನನ್ನು ನಾಲೆ ಏರಿಯ ಮೇಲೆ ಕರೆದುಕೊಂಡು ಹೋಗಿದ್ದರು. ಸೆರಗು ಹಾರಿ, ಕಬ್ಬಿನ ಗರಿಗೆ ಸಿಕ್ಕಿ... ಆಕಾಶವೆಲ್ಲ ಮೈಮೇಲೆ ಬಿದ್ದ ಹಾಗೆ.

ಯುಗಾದಿ ಆದಮೇಲೆ ಟ್ರಾಕ್ಟರು ಮಗುಚಿತು. ಇವರ ಎಡಮಂಡಿ ಹೋಯಿತು. ಆಪರೇಷನ್ ಮಾಡಿ ಪ್ಲೇಟು ಕೂರಿಸಿದ್ದಾರೆ. ನಡೆಯುತ್ತಾರೆ, ಆದರೆ ಮಂಡಿ ಪೂರ್ತಿ ಮಡಚುವುದಿಲ್ಲ. ಕ್ಲಚ್ಚಿನ ಮೇಲೆ ಪಾದ ಇಡಬೇಕಾದರೆ ಮಡಚಲೇಬೇಕು.

ಕಾಫಿ ಕೊಟ್ಟೆ. ಲೋಟ ಹಿಡಿದುಕೊಂಡು ಅಂದರು — "ಆ ಪೆಡಲ್ಲು ಒಂಚೂರು ಕೆಳುಕ್ಕಿದ್ದಿದ್ರೆ ಆಗೋದು ಕಣೆ."

ನನಗೆ ಹೇಳಿದ್ದೋ, ಕಾರಿಗೋ.

೧೭ ನವೆಂಬರ್, ಸಂಜೆ

ಬೆಳ್ಳೂರು ಕ್ರಾಸಿನ ಮೆಕ್ಯಾನಿಕ್ ಹೊನ್ನಪ್ಪ ಬಸ್ಸಿಗೆ ಬಂದಿದ್ದ. ನಾನೇ ಹೇಳಿ ಕಳಿಸಿದ್ದೆ. ಇವರ ಹಳೇ ಸ್ನೇಹಿತ. ಬಂದವನೇ ಸೀಟಿನ ಮೇಲೆ ಅಂಗಾತ ಮಲಗಿ, ತಲೆ ಡ್ಯಾಶ್‌ಬೋರ್ಡಿನ ಕೆಳಗೆ ತೂರಿಸಿದ.

"ಇಳುಸ್ಬೋದು ಕಣ್ಲಾ ಶಿವಶಂಕ್ರ. ಇಲ್ಲೊಂದು ನಟ್ಟದೆ. ಆದ್ರೆ ಬಾಳಾ ಇಳುಸಂಗಿಲ್ಲ. ಕ್ಲಚ್ಚು ಪೂರ್ತಿ ಬುಡಾಕಿಲ್ಲ, ಗೇರು ಕಿರುಚ್ಕತದೆ."

"ಇಳುಸ್ಲಾ ಮೊದ್ಲು. ನೋಡಾನ."

ಇಳಿಸಿದ. ಸ್ಟಾರ್ಟ್ ಮಾಡಿದರೆ ಗೇರು ನಿಜವಾಗಿಯೂ ಕಿರುಚಿತು. ಕೊಟ್ಟಿಗೆಯ ಹಸು ಬೆದರಿ ಎದ್ದು ನಿಂತಿತು. ಹೊನ್ನಪ್ಪ ಮತ್ತೆ ಮಲಗಿ, ಪೆಡಲಿನ ಹಿಂದಿನ ರಾಡನ್ನು ಒಂದೆರಡು ಸುತ್ತು ಉದ್ದ ಮಾಡಿದ. ಪ್ರತಿ ಸಲ ತಿರುಗಿಸಿದ ಮೇಲೂ ಯಾರಾದರೂ ಸೀಟಿನಲ್ಲಿ ಕೂತು ತುಳಿದು ನೋಡಬೇಕು. ಎದ್ದು ಜಾಗ ಬಿಟ್ಟು, "ಅಕ್ಕೋ, ನೀವೇ ಒಸಿ ಕುಂತ್ಕಳಿ" ಅಂದ.

ಕೂತೆ. ಡ್ರೈವರ್ ಸೀಟಿನಲ್ಲಿ ಮೊದಲ ಸಲ. ಸ್ಟೀರಿಂಗ್ ತಣ್ಣಗಿತ್ತು. ನಾಗಮಂಗಲದಲ್ಲಿ ಅಪ್ಪನ ಜೀಪಿನಲ್ಲಿ ಕಲಿತು ಲೈಸೆನ್ಸ್ ಮಾಡಿಸಿದ್ದೆ. ಮದುವೆಯಾದ ಮೇಲೆ ಮುಟ್ಟಿರಲಿಲ್ಲ. ಕಾಲು ಮರೆತಿಲ್ಲ.

ಕೊನೆಗೆ ಒಂದು ಎತ್ತರ ಸಿಕ್ಕಿತು. ಪೆಡಲನ್ನು ನೆಲ ಮುಟ್ಟುವ ತನಕ ತುಳಿದರೆ ಮಾತ್ರ ಗೇರು ಬೀಳುತ್ತದೆ. ಇವರ ಕಾಲು ಉದ್ದ, ಅಲ್ಲಿಗೆ ಸಲೀಸು. ನಾನು ಕುಳ್ಳಿ. ಬೆರಳ ತುದಿ ಮುಟ್ಟುತ್ತೆ, ಆಮೇಲೆ ಬರೀ ಗಾಳಿ.

ಇವರು ಕೂತು ತುಳಿದು ನಕ್ಕರು. ಎಷ್ಟು ತಿಂಗಳಾಗಿತ್ತು ಆ ನಗು ನೋಡಿ. ಕಾಲಿಗೆ ಎಟುಕದಿದ್ದದ್ದು ಮರೆತೇಬಿಟ್ಟೆ. ಮರೆತೆನಾ...

೨೫ ನವೆಂಬರ್, ಬೆಳಗಿನ ಜಾವ

ಕನಸು. ನಾಲೆಯ ನೀರಿನ ಮೇಲೆ ಕಾರು ಹೋಗುತ್ತಿದೆ. ಚಕ್ರ ಮುಳುಗುತ್ತಿಲ್ಲ. ಎರಡೂ ಕಡೆ ಕಬ್ಬಿನ ಸೂಲಂಗಿ ಹೂ, ಬೆಳ್ಳಗೆ, ತಲೆ ಆಡಿಸುತ್ತಾ. ಸದ್ದೇ ಇಲ್ಲ. ನಾನೇ ಓಡಿಸುತ್ತಿದ್ದೇನೆ, ಕಾಲ ಕೆಳಗೆ ಪೆಡಲೂ ಇಲ್ಲ, ಪಾದ ನೀರಿನಲ್ಲಿ. ಪಕ್ಕದ ಸೀಟು ನೋಡೋಣ ಅಂದುಕೊಂಡೆ. ನೋಡಲಿಲ್ಲ.

ಎಚ್ಚರವಾದಾಗ ಎಡಗಾಲು ಚಾಚಿಕೊಂಡೇ ಇತ್ತು. ಇವರಿಗೆ ಹೇಳಲಿಲ್ಲ.

೧ ಡಿಸೆಂಬರ್



ಸಂತೆಬಾಚಹಳ್ಳಿ ಕಡೆ ಹೊರಟೆವು. ಇವರು ಓಡಿಸುತ್ತಿದ್ದರು, ನಾನು ಪಕ್ಕದಲ್ಲಿ. ಊರು ದಾಟುವವರೆಗೂ ಹಾಡೊಂದೇ ಬಾಕಿ, ಅಷ್ಟು ಖುಷಿ. ಆಮೇಲೆ ಕಬ್ಬಿನ ಗಾಡಿಗಳು ಸಾಲಾಗಿ ಸಿಕ್ಕವು. ನಿಲ್ಲಿಸು, ಹೊರಡು, ಮತ್ತೆ ನಿಲ್ಲಿಸು. ಪ್ರತಿ ಸಲವೂ ಕ್ಲಚ್ಚು. ನೋಡ ನೋಡುತ್ತಲೇ ಇವರ ಹಣೆಯಲ್ಲಿ ಬೆವರು. "ಸಾಕು, ಪಕ್ಕಕ್ಕೆ ಹಾಕಿ" ಅಂದೆ. ಕೇಳಲಿಲ್ಲ.

ಕಾಲು ಪೆಡಲಿನಿಂದ ಜಾರಿತು. ಕಾರು ಮುಂದಕ್ಕೆ ನೆಗೆಯಿತು. ಮುಂದಿನ ಗಾಡಿಯ ಪಕ್ಕದಲ್ಲಿ ನಮ್ಮೂರ ದ್ಯಾವಯ್ಯ ನಡೆದುಕೊಂಡು ಹೋಗುತ್ತಿದ್ದ. ಸೊಂಟಕ್ಕೆ ಒಂದು ಗೇಣು ಇತ್ತೋ ಇಲ್ಲವೋ, ಎಂಜಿನ್ ಆಫ್ ಆಗಿ ನಿಂತಿತು.

ದ್ಯಾವಯ್ಯ ಬಯ್ಯಲೇ ಇಲ್ಲ. ಇವರ ಮುಖ ನೋಡಿ, "ಇಳ್ಕಳಪ್ಪ, ನಾವು ತಳ್ತೀವಿ" ಅಂದ. ಗಾಡಿಯವರೆಲ್ಲ ಸೇರಿ ಮನೆ ತನಕ ತಳ್ಳಿಕೊಂಡು ಬಂದರು. ಇವರು ಹಿಂದೆ ಕುಂಟುತ್ತಾ ಬಂದರು. ಬಯ್ದಿದ್ದರೇ ಚೆನ್ನಾಗಿತ್ತೇನೋ.

ಟಾರ್ಪಾಲು ಎಳೆದು ಹಗ್ಗ ಕಟ್ಟಿದರು. "ಮಾರ್ಬುಡ್ತೀನಿ."

೨೯ ಡಿಸೆಂಬರ್

ಬರೆಯಲು ಮನಸ್ಸೇ ಬರಲಿಲ್ಲ. ಕಬ್ಬು ಕಡಿದು ಮುಗಿಯಿತು. ಗದ್ದೆ ಬಯಲಾಗಿ ದೂರದ ಬೆಟ್ಟ ಕಾಣುತ್ತಿದೆ.

ಶ್ರೀರಂಗಪಟ್ಟಣದಿಂದ ಯಾರೋ ಬರುತ್ತಾರಂತೆ, ಸಂಕ್ರಾಂತಿ ಕಳೆದ ಮೇಲೆ. ಕಾರು ನೋಡಲು.

ಅವರೆಕಾಯಿ ಸುಲಿಯುತ್ತಾ ಅತ್ತೆ ಇದ್ದಕ್ಕಿದ್ದಂತೆ ಕೇಳಿದರು — "ಯಾಕವ್ವ, ನಿಂಗ್ ಬರಾಕಿಲ್ವಾ ಅದ್ನ ಓಡ್ಸಾಕೆ?"

"ಬರ್ತದೆ ಅತ್ತೆ."

"ಮತ್ತೆ?"

ನಮ್ಮತ್ತೆ ಚಿಕ್ಕಬೋರಮ್ಮ ಅಂದರೆ ಊರಿಗೇ ಭಯ. ನನಗೂ. ಇನ್ನೊಂದು ಹಿಡಿ ಅವರೆಕಾಯಿ ಎಳೆದುಕೊಂಡೆ. ಅವರು ಸಿಪ್ಪೆ ಒಂದು ಕಡೆಗೆ ಗುಡಿಸಿದರು. "ಅವ್ನ ಕಾಲ್ ಓಯ್ತು ಅಂತ ನಿನ್ ಕಾಲ್ನೂ ಕಟ್ಟಾಕ್ಕೊಂಡ್ ಕುಂತಿದ್ದೀಯಲ್ಲವ್ವ."

೫ ಜನವರಿ ೧೯೯೭

ಕೇಳಿಬಿಟ್ಟೆ. ಊಟಕ್ಕೆ ಕೂತಾಗ. "ನಾನು ಓಡುಸ್ಲಾ?"

ಇವರು ಮುದ್ದೆ ಮುರಿಯುತ್ತಿದ್ದವರು ನಿಲ್ಲಿಸಿದರು. ತಲೆ ಎತ್ತಲಿಲ್ಲ. "ನಿನ್ ಕಾಲ್ ಎಟುಕಲ್ವಲ್ಲ."

"ಮೇಲುಕ್ಕೆ ಮಾಡುದ್ರೆ ಎಟುಕ್ತದೆ."

ಹೇಳಿದ ಮೇಲೆ ಅರ್ಥವಾಯಿತು, ಏನು ಹೇಳಿದೆ ಅಂತ. ಮೇಲಕ್ಕೆ ಮಾಡಿದರೆ ಇವರು ಇನ್ನು ಅದನ್ನು ತುಳಿಯುವ ಹಾಗೇ ಇಲ್ಲ. ಯಾವತ್ತೂ.

ಅರ್ಧ ಮುದ್ದೆ ತಟ್ಟೆಯಲ್ಲೇ ಬಿಟ್ಟು ಎದ್ದರು. ಹಿಂದೆ ಹೋಗಿ ತಪ್ಪಾಯಿತು ಅನ್ನಬೇಕು ಅನಿಸಿತು. ಅನ್ನಲಿಲ್ಲ. ತಪ್ಪು ಅಂತ ಅನಿಸಲಿಲ್ಲ.

೧೬ ಜನವರಿ

ಹಬ್ಬ ಆಯಿತು. ಹಸುಗಳ ಕೊಂಬಿನ ಬಣ್ಣ ಇನ್ನೂ ಮಾಸಿಲ್ಲ. ಎಳ್ಳು ಕೊಟ್ಟಾಗ ಇವರು ತೆಗೆದುಕೊಂಡರು, ಅಷ್ಟೇ.

೧೯ ಜನವರಿ, ಬೆಳಿಗ್ಗೆ

ಶೆಡ್ಡಿನಿಂದ ಸ್ಪಾನರಿನ ಸದ್ದು. ಕಬ್ಬಿಣ ಕಬ್ಬಿಣಕ್ಕೆ ತಾಕುವ ಸಣ್ಣ ಸದ್ದು, ಮಂಜಿನಲ್ಲಿ ಎಲ್ಲೋ ದೂರದಿಂದ ಬಂದ ಹಾಗೆ. ಹಾಲಿನ ಕ್ಯಾನು ಇಟ್ಟು ಓಡಿದೆ.

ಇವರು ಹೊನ್ನಪ್ಪನ ಹಾಗೆ ಅಂಗಾತ ಮಲಗಿದ್ದಾರೆ. ತಲೆ ಒಳಗೆ, ಮಡಚದ ಕಾಲು ಬಾಗಿಲಿನಿಂದಾಚೆ ಕೋಲಿನ ಹಾಗೆ.

"ಕುಂತ್ಕ" ಅಂದರು ಒಳಗಿನಿಂದಲೇ.

"ಎಲ್ಲಿ? ನೀವೇ ಮಲ್ಗಿದ್ದೀರಲ್ಲ."

ನಕ್ಕರೋ ಕೆಮ್ಮಿದರೋ. ಎದ್ದು ಜಾಗ ಬಿಟ್ಟರು. ಬೆನ್ನಿಗೆ ದಿಂಬು ಕೊಟ್ಟರು, ಮನೆಯಿಂದ ಮೊದಲೇ ತಂದಿಟ್ಟಿದ್ದು. ಬಾಗಿಲ ಬಳಿ ಕಾಲು ಚಾಚಿ ನೆಲದ ಮೇಲೆ ಕೂತು, ನನ್ನ ಪಾದ ಹಿಡಿದು ಪೆಡಲಿನ ಮೇಲೆ ಇಟ್ಟರು. ಕೈಯೆಲ್ಲ ಗ್ರೀಸು.

"ತುಳಿ. ಎಲ್ಲೀಗಂಟ ಓಯ್ತದೆ?"

"ಇಲ್ಲೀಗಂಟ."

"ಬುಡು." ಸ್ಪಾನರು ತಿರುಗಿತು. "ಈಗ?"

ಹೀಗೇ ಎಷ್ಟು ಹೊತ್ತೋ. ಬಿಸಿಲು ತಗಡಿನ ಸಂದಿನಿಂದ ಇಳಿದು ಬಾನೆಟ್ಟಿನ ಮೇಲೆ ಬಂತು. ಪೆಡಲು ಸ್ವಲ್ಪ ಸ್ವಲ್ಪವೇ ಮೇಲೆ ಬಂದು ನನ್ನ ಅಂಗಾಲಿಗೆ ಸೇರಿತು. ತುಳಿದೆ. ನೆಲ ಮುಟ್ಟುವ ಮೊದಲೇ ಕ್ಲಚ್ಚು ಬಿಟ್ಟಿತು. ಗೇರು ಬೆಣ್ಣೆಯಲ್ಲಿ ಚಾಕು ಹಾಕಿದ ಹಾಗೆ ಬಿತ್ತು.

ಇವರು ಎತ್ತರ ಕದಲದಂತೆ ಹಿಡಿಯುವ ಚೆಕ್ ನಟ್ಟು ಬಿಗಿ ಮಾಡಿದರು. ಬಿಗಿಯಾದ ಮೇಲೂ ಇನ್ನೊಂದು ಸಲ ಎಳೆದರು. ಆಮೇಲೆ ಸ್ಪಾನರು ಹಿಡಿದುಕೊಂಡೇ ಕೂತರು. ಅವರ ತಲೆಯ ಮೇಲೆ ಕೈಯಿಟ್ಟೆ. ಸರಿಸಲಿಲ್ಲ.

"ಕಾರ್ ನೋಡಾಕೆ ಪಟ್ಣದೋರು ಬಂದ್ರೆ?"

"ಬಂದಿದ್ರು ನಿನ್ನೆ, ನೀನು ಡೈರಿಗೆ ಓಗಿದ್ದಾಗ. ಮನೇಲೇ ಓಡ್ಸೋರವ್ರೆ, ಕೊಡಾಕಿಲ್ಲ ಅಂದೆ."

೨ ಫೆಬ್ರವರಿ, ಶ್ರೀರಂಗಪಟ್ಟಣ

ಹೊಳೆ ಪಕ್ಕ, ಮರದ ನೆರಳಲ್ಲಿ ನಿಲ್ಲಿಸಿದ್ದೇನೆ. ಸ್ಟೀರಿಂಗಿನ ಮೇಲೆ ಇಟ್ಟುಕೊಂಡು ಬರೆಯುತ್ತಿರುವುದು, ಅಕ್ಷರ ಸೊಟ್ಟ.

ಪಾಂಡವಪುರದ ಮೇಲೆ ಬಂದೆವು. ನಾನು ಗೇರು ಬದಲಿಸುವಾಗೆಲ್ಲ ಇವರ ಎಡಗಾಲು ತಾನೇ ಒಂಚೂರು ಒತ್ತುತ್ತಿತ್ತು, ಖಾಲಿ ನೆಲವನ್ನು. ನೋಡಿಯೂ ನೋಡದ ಹಾಗೆ ಇದ್ದೆ. ಪಾಂಡವಪುರ ದಾಟಿದ ಮೇಲೆ ಆ ಒತ್ತುವುದು ನಿಂತಿತು. ಸೀಟಿಗೆ ಒರಗಿ ಆಕಾಶ ನೋಡತೊಡಗಿದರು. "ಇಲ್ಲಿ ಕುಂತ್ರೆ ಇಂಗ್ ಕಾಣ್ತದಾ! ನಂಗ್ ಗೊತ್ತೇ ಇರ್ನಿಲ್ಲ ಕಣೆ."

ನೀರು ಕಲ್ಲುಗಳ ನಡುವೆ ನಿಧಾನ. ಆಚೆ ದಡದಲ್ಲಿ ಬಟ್ಟೆ ಒಗೆಯುವವರ ಸದ್ದು, ಕೈ ಎತ್ತಿದ ಮೇಲೆ ತಡವಾಗಿ ಕೇಳಿಸುತ್ತಿದೆ. ನಿದ್ದೆ ಬರುವ ಹಾಗೆ ಬಿಸಿಲು.

ಟೀ ಕುಡಿಯಲು ಹೋಗಿದ್ದರು. ಬರುತ್ತಿದ್ದಾರೆ. ಅಭ್ಯಾಸದ ಮೇಲೆ ಸೀದಾ ನನ್ನ ಕಡೆಯ ಬಾಗಿಲಿಗೇ ಬಂದು ಹಿಡಿಗೆ ಕೈ ಹಾಕಿದರು. ನಿಂತರು. ನಾನೂ ಪೆನ್ನು ನಿಲ್ಲಿಸಿದೆ. ಆಮೇಲೆ ಬಾಗಿಲು ಸರಿಯಾಗಿ ಹಾಕಿದೆಯಾ ಅಂತ ಒಂದು ಸಲ ಒತ್ತಿ ನೋಡಿ, ಬಾನೆಟ್ಟಿನ ಮೇಲೆ ಕೈಯಾಡಿಸುತ್ತಾ ಸುತ್ತಿಕೊಂಡು ಹೋಗಿ ಆ ಕಡೆ ಕೂತರು.

"ಈಗ ಎಲ್ಲಿಗ್ ಕರ್ಕೊಂಡೋಯ್ತೀಯೆ?"

ಇನ್ನೂ ಹೇಳಿಲ್ಲ. ಬರೆಯುತ್ತಿದ್ದೇನೆ, ಕಾಯುತ್ತಿದ್ದಾರೆ. ಊರಿಗೂ ಹೋಗಬಹುದು. ನಾಗಮಂಗಲಕ್ಕೆ ಅಪ್ಪನ ಮನೆ ಮುಂದೆ ನಿಲ್ಲಿಸಬಹುದು. ಇಲ್ಲಾ ಸುಮ್ಮನೆ ಹೊಳೆ ಹೋದ ಕಡೆ, ಪೆಟ್ರೋಲು ಇರುವ ತನಕ. ಪೆನ್ನು ಮುಚ್ಚಿ ಕ್ಲಚ್ಚು ತುಳಿಯುತ್ತೇನೆ.