ಸಹಿಸಿಕೊಳ್ಳುವ ಪಾಠ

ಅಪ್ಪಾ,

ಮಾತು ಬಿಟ್ಟಿದ್ದೀರಿ, ಹಾಗಾಗಿ ಬರೆಯುತ್ತಿದ್ದೇನೆ. ನೀವು ಕಾವಲಿರುವ ಕಾರ್ಖಾನೆಯಲ್ಲಿ ಹೊಲಿಗೆಯ ಹೆಂಗಸರಿಗೆ ನಾನು ಹೇಳಿಕೊಡುತ್ತಿದ್ದ ಇಂಗ್ಲಿಷ್ ಪಾಠ ಯಾಕೆ ನಿಂತಿತೆಂದು ಕೇಳಿ. ಅಂದಿನ ಪಾಠ ‘ಪುಟ್ ಅಪ್ ವಿತ್’. ಇಷ್ಟವಿಲ್ಲದ್ದನ್ನು ಸಹಿಸಿಕೊಂಡಿರುವುದು ಎಂದರ್ಥ. ಸಹಿಸುತ್ತಿರುವುದರ ಹೆಸರನ್ನು ಕೊನೆಗೆ ಸೇರಿಸಿ ವಾಕ್ಯ ಮಾಡಿ ಎಂದೆ.

‘ಅತ್ತೆ ಹೆಸರು ಹಾಕ್ಬಹುದಾ ಟೀಚರ್?’ ಎಂದಳು ಗುಂಡಿ ಹಾಕುವ ಅಕ್ಕ. ಎಲ್ಲರೂ ನಕ್ಕರು. ಆಮೇಲೆ ಇಸ್ತ್ರಿಯವಳು, ‘ನಂದು ಬೀಗ ಹಾಕಿದ ಹಿಂಬಾಗಿಲು’ ಎಂದಳು. ನಗು ನಿಂತಿತು. ಒಬ್ಬೊಬ್ಬರೂ ಅದನ್ನೇ ಬರೆದರು. ಅವರ ಜೊತೆಯಲ್ಲೇ ಹೊಲಿಯುವ ಅಮ್ಮ ಮಾತ್ರ ಬರೆಯಲಿಲ್ಲ. ಬೀಗದಕೈ ಯಾರ ಜೇಬಿನಲ್ಲಿದೆಯೆಂದು ಅವಳಿಗೆ ಗೊತ್ತು. ಯಜಮಾನರಿಗೆ ಸುದ್ದಿ ಮುಟ್ಟಿತು, ಪಾಠ ನಿಂತಿತು.

‘ಬಟ್ಟೆ ಕಳುವಾಗತ್ತಮ್ಮ, ಯಜಮಾನರು ಹೇಳಿದ್ದಾರೆ, ಸ್ವಲ್ಪ ಸಹಿಸ್ಕೊಳ್ಳಿ’ ಎಂದಿರಿ ನೀವು, ಬೀಗ ಯಾಕೆಂದು ನಾನು ಕೇಳಿದಾಗ. ಅವರ ಅಂಗಿಗಳನ್ನು ಕಾಯಲು ಮನುಷ್ಯರನ್ನು ಕೂಡಿಹಾಕುತ್ತೀರಿ; ನೀವೂ ಕೂಲಿಯವರೇ ಎಂಬುದನ್ನು ಮರೆತಿದ್ದೀರಿ. ಇಸ್ತ್ರಿ ಮೇಜುಗಳೆಲ್ಲ ಮುಂಬಾಗಿಲ ಬಳಿ ಇವೆ. ಅಲ್ಲಿ ಬೆಂಕಿ ಹತ್ತಿದರೆ ಹಿಂಬಾಗಿಲೊಂದೇ ದಾರಿ. ನಾಳೆಯಿಂದ ದಯವಿಟ್ಟು ಅದಕ್ಕೆ ಬೀಗ ಹಾಕಬೇಡಿ.

ನನ್ನನ್ನು ಗೇಟಿನೊಳಗೆ ಬಿಡಬಾರದು ಎಂದಿದ್ದಾರಂತೆ, ಬಿಡಬೇಡಿ. ಆದರೆ ಅಮ್ಮನ ಯಂತ್ರ ಇರುವುದು ಆ ಹಿಂಬಾಗಿಲಿನ ಪಕ್ಕದಲ್ಲೇ. ನೀವು ಹೊರಗಿನಿಂದ ಬೀಗ ತಿರುಗಿಸುವ ಸದ್ದು ಅವಳಿಗೆ ದಿನವೂ ಕೇಳಿಸುತ್ತದೆ.

ನಿಮ್ಮ ಮಗಳು